ಗೋಡೆಯ ಎರಡನೆಯ ತೂತು

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದೆಂದು ಸಾಧಿಸಹೊರಟ ಹಿಂದಿನ ತರ್ಕಪಂಡಿತರು ದೃಷ್ಟಾಂತವನ್ನು ಹುಡುಕಿಕೊಂಡು ದೂರವೇನೂ ಹೋಗಲಿಲ್ಲ. ನೇರವಾಗಿ ಅಡುಗೆಮನೆಗೆ ಬಂದರು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಸಂಶಯವಿದ್ದರೆ ಅಡುಗೆಮನೆಯನ್ನು ನೋಡು ಎಂದರು. ಧೂಳನ್ನೋ ಮಂಜನ್ನೋ ಹೊಗೆಯೆಂದು ಭ್ರಮಿಸಿದವನ ಊಹೆ ಕೆಡುತ್ತದೆಂದು ಎಚ್ಚರಿಸುವುದನ್ನೂ ಅವರು ಮರೆಯಲಿಲ್ಲ. ಆದರೆ ಅಡುಗೆಮನೆಯನ್ನೇ ಒಡೆದುಹಾಕಿ, ಮನೆತುಂಬ ಧೂಳೆದ್ದಿರುವಾಗ ಆ ಮನೆಯ ಹೆಂಗಸು ಏನನ್ನು ಕಂಡು ಏನನ್ನು ಊಹಿಸಬೇಕೆಂಬುದನ್ನು ಮಾತ್ರ ಅವರು ಹೇಳದೆ ಬಿಟ್ಟರು.

ಆ ಮನೆಯಲ್ಲಿ ಇದ್ದವರು ಅಣ್ಣತಮ್ಮಂದಿರಿಬ್ಬರು, ಅವರ ಹೆಂಡಿರಿಬ್ಬರು ಮತ್ತು ಒಂದು ಮಗು. ಮಗು ಚಿಕ್ಕಸೊಸೆಯದು, ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ದೊಡ್ಡಸೊಸೆಗೆ ಮಕ್ಕಳಾಗಲಿಲ್ಲ. ಗುಬ್ಬಿ ಹಾಲು ಬಿಟ್ಟು ಅನ್ನಕ್ಕೆ ಬಂದ ದಿನದಿಂದ ಅವಳ ತಟ್ಟೆಗೆ ಬೀಳುತ್ತಿದ್ದುದು ದೊಡ್ಡಮ್ಮನ ಕೈಯಡುಗೆಯೇ. ಮಗು ಬಿಸಿಯನ್ನು ತಾಳದೆ ಬಾಯಿ ತೆರೆದು ಕುಣಿದಾಗ ಊದಿದ್ದು, ಮುನಿಸಿಕೊಂಡು ಮೇಜಿನ ಕೆಳಗೆ ಕೂತಾಗ ಅಲ್ಲಿಗೇ ತಟ್ಟೆಯನ್ನು ತಳ್ಳಿದ್ದು, ಎಲ್ಲವೂ ಅವಳೇ. ಲೋಕದಲ್ಲಿ ಕೆಲವರಿಗೆ ದೇವರು ಹೆರದೆಯೇ ತಾಯ್ತನವನ್ನು ಕೊಡುತ್ತಾನೆ. ಆದರೆ ಹಾಗೆ ಕೊಟ್ಟದ್ದಕ್ಕೆ ಹಕ್ಕುಪತ್ರವನ್ನು ಮಾತ್ರ ಬರೆದುಕೊಡುವುದಿಲ್ಲ. ಇದು ದೊಡ್ಡಸೊಸೆಗೆ ಚೆನ್ನಾಗಿ ತಿಳಿದಿತ್ತು.

ತೀರಿಹೋದ ಅತ್ತೆ ಬದುಕಿದ್ದಾಗ ಒಂದು ಮಾತನ್ನು ಹೇಳುತ್ತಿದ್ದಳು: "ಒಲೆ ಒಂದಿರೋ ತನಕ ಮನೆ ಒಂದು." ದೊಡ್ಡಸೊಸೆ ಇದನ್ನು ಮಂತ್ರದಂತೆ ಹಿಡಿದಿದ್ದಳು. ಒಲೆ ಎರಡಾದ ದಿನ ಗುಬ್ಬಿ ಯಾವ ಒಲೆಯ ಮುಂದೆ ಕೂರುವಳೆಂದು ತಿಳಿಯಲು ಶಾಸ್ತ್ರವನ್ನು ತಿರುವಿಹಾಕಬೇಕಾಗಿರಲಿಲ್ಲ.

ಆ ಮನೆಗೆ ಇನ್ನೊಂದು ರೂಢಿಯಿತ್ತು. ಅಲ್ಲಿ ಹೇಳಬೇಕಾದ ಮಾತನ್ನು ಹೇಳಬೇಕಾದವರಿಗೆ ಯಾರೂ ಹೇಳುತ್ತಿರಲಿಲ್ಲ. ಅತ್ತೆ ಮಾವಂದಿರ ಕಾಲದಿಂದ ಬಂದದ್ದದು. ಅಡುಗೆಗೆ ಉಪ್ಪು ಹೆಚ್ಚಾಗಿದ್ದರೆ "ಗುಬ್ಬೀ, ದೊಡ್ಡ ಚೊಂಬಲ್ಲಿ ನೀರು ತಗೊಂಬಾ" ಎನ್ನುವರು. ಬಟ್ಟೆಯನ್ನು ಮಡಿಸಿಲ್ಲವೆಂದರೆ "ಈ ಮನೇಲಿ ಬೆಕ್ಕಿಗೆ ಮಲಗೋಕೆ ಒಳ್ಳೆ ಹಾಸಿಗೆ ಸಿಕ್ಕಿದೆ" ಎಂದು ಬೆಕ್ಕಿಗೆ ಹೇಳುವರು. ಹೀಗೆ ಪ್ರತಿಯೊಂದು ಮಾತಿಗೂ ಬೆನ್ನ ಹಿಂದೆ ಮತ್ತೊಂದು ಮಾತು ನಿಂತಿರುತ್ತಿದ್ದ ಮನೆಯಲ್ಲಿ, ಬರಿಯ ಮಾತನ್ನು ಬರಿಯ ಮಾತೆಂದು ನಂಬುವ ಅಭ್ಯಾಸ ಯಾರಿಗೂ ಉಳಿದಿರಲಿಲ್ಲ.

ಅಡುಗೆಮನೆಯ ತಾರಸಿಯಿಂದ ಗಾರೆ ಉದುರಿ ಹಾಲಿನ ಪಾತ್ರೆಗೆ ಬಿದ್ದ ಮೇಲೆ, ಒಡೆದು ಹೊಸದಾಗಿ ಕಟ್ಟಿಸುವುದೆಂದು ತೀರ್ಮಾನವಾಯಿತು. ಮೇಸ್ತ್ರಿ ಬಂದ. ನೆರೆಯವರು ಅವನನ್ನು 'ಆಗ್ಲಿ ಮೇಸ್ತ್ರಿ' ಎನ್ನುತ್ತಿದ್ದರು. ಅವನ ಬಾಯಲ್ಲಿ 'ಇಲ್ಲ' ಎಂಬ ಶಬ್ದವನ್ನು ಕೇಳಿದವರಿಲ್ಲ. ಅವನು ಸೀಮೆಸುಣ್ಣದಿಂದ ನೆಲದ ಮೇಲೆಯೇ ಹೊಸ ಅಡುಗೆಮನೆಯ ನಕ್ಷೆಯನ್ನು ಗೀಚಿದ. ಸಿಂಕು ಇಲ್ಲಿ, ಪಾತ್ರೆಯ ಕಪಾಟು ಅಲ್ಲಿ, ಸಿಲಿಂಡರು ಹಿತ್ತಿಲಲ್ಲಿ. ಅಲ್ಲಿಂದ ತಾಮ್ರದ ಪೈಪು ಗೋಡೆಯೊಳಗೆ ಹಾದು ಬಂದು ಒಲೆಯ ಬಳಿ ಬಾಯಿ ತೆರೆಯುವುದು.

"ಏನು ಬೇಕಾದ್ರೂ ಮಾಡಿ ಮೇಸ್ತ್ರೀ, ಒಲೆ ಮಾತ್ರ ಇದ್ದಲ್ಲೇ ಇರ್ಲಿ," ಎಂದಳು ದೊಡ್ಡಸೊಸೆ.

ಇದ್ದಲ್ಲಿ ಎಂದರೆ ಕಿಟಕಿಯ ಕೆಳಗಿನ ಮೂಲೆಯಲ್ಲಿ. ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕಕ್ಕೆ ಮುಂದೆ ಚಾಚಿದ ಕಲ್ಲಿನ ಗೂಡು. ಅಲ್ಲಿ ಒಬ್ಬರು ನಿಂತರೆ ಇನ್ನೊಬ್ಬರ ಕೈಗೂ ಎಡೆಯಿಲ್ಲ. ಆದರೆ ಆ ಕಿಟಕಿಯಿಂದ ಓಣಿ ಕಾಣುತ್ತಿತ್ತು, ಓಣಿಯ ತಿರುವಿನಲ್ಲಿ ಚೀಲವನ್ನು ಎಳೆದುಕೊಂಡು ಬರುವ ಗುಬ್ಬಿ ಕಾಣುತ್ತಿದ್ದಳು.

"ಆಗ್ಲಮ್ಮ," ಎಂದ ಮೇಸ್ತ್ರಿ.

ಚಿಕ್ಕಸೊಸೆ ಬಾಗಿಲಿಗೆ ಒರಗಿ ನಿಂತು ಆ ಸೀಮೆಸುಣ್ಣದ ಗೆರೆಯನ್ನೇ ನೋಡುತ್ತಿದ್ದಳು. ಆಮೇಲೆ ಗುಬ್ಬಿಯನ್ನು ಕರೆದು, "ಗೆರೆ ತುಳೀಬೇಡ ಕಣೇ, ಬರೆದಾಗಿದೆ," ಎಂದಳು. ಆ ಮಾತು ಎಲ್ಲಿಯೋ ಚುಚ್ಚಿತು. ಆದರೆ ದೊಡ್ಡಸೊಸೆಗೆ ಮುಳ್ಳು ಎಲ್ಲಿದೆಯೆಂದು ತಿಳಿಯಲಿಲ್ಲ.

ಮರುದಿನದಿಂದ ಸುತ್ತಿಗೆಯ ಪೆಟ್ಟು. ಅಡುಗೆಯು ನಡುಮನೆಯ ಮೂಲೆಯ ಒಂದು ಸಣ್ಣ ಒಲೆಗೆ ಇಳಿಯಿತು. ಪಾತ್ರೆಗಳು ಮಂಚದ ಕೆಳಗೆ, ಡಬ್ಬಿಗಳು ಪುಸ್ತಕದ ಕಪಾಟಿನಲ್ಲಿ, ತಟ್ಟೆ ತೊಳೆಯುವುದು ಬಚ್ಚಲಿನಲ್ಲಿ. ಸಕ್ಕರೆಗೆಂದು ಕೈಹಾಕಿದವರಿಗೆ ಸೋಪಿನ ಪುಡಿ ಸಿಗುತ್ತಿತ್ತು. ಬಾಗಿಲಿಗೆ ಹಳೆಯ ಹೊದಿಕೆಯನ್ನು ಕಟ್ಟಿದ್ದರೂ ಧೂಳು ತನ್ನ ಸೂಕ್ಷ್ಮಶರೀರದಿಂದ ಎಲ್ಲೆಡೆಯೂ ಪ್ರವೇಶಿಸಿತು. ಹಿರಿಯನಾದ ಗಂಡ ಪತ್ರಿಕೆಯನ್ನು ಕೊಡವಿ ಓದುತ್ತಿದ್ದ. ಕಾರ್ಖಾನೆಯ ಪಾಳಿಗೆ ಹೋಗುವ ಕಿರಿಯ ಹಗಲೆಲ್ಲ ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗುತ್ತಿದ್ದ. ಅಣ್ಣತಮ್ಮಂದಿರಿಗೆ ಅಡುಗೆಮನೆಯೆಂದರೆ ಊಟ ಬರುವ ದಿಕ್ಕು, ಅಷ್ಟೆ.

ಒಂದು ಮಧ್ಯಾಹ್ನ ದೊಡ್ಡಸೊಸೆ ತರಕಾರಿ ತೆಗೆದುಕೊಂಡು ಒಳಗೆ ಬರುವಾಗ ಹೊದಿಕೆಯ ಆಚೆಯಿಂದ ಪಿಸುಮಾತು ಕೇಳಿಸಿತು. ಚಿಕ್ಕಸೊಸೆಯ ದನಿ.

"...ಅಕ್ಕನಿಗೆ ನೀವೇ ಹೇಳಿ ಮೇಸ್ತ್ರೀ. ನಾನು ಹೇಳಿದೆ ಅಂತ ಮಾತ್ರ ಬೇಡ."

"ಆಗ್ಲಮ್ಮ."

ದೊಡ್ಡಸೊಸೆ ಬೇಕೆಂದೇ ಕೆಮ್ಮಿದಳು. ಒಳಗಿನ ಮಾತು ನಿಂತಿತು. ಚಿಕ್ಕಸೊಸೆ ಹೊರಬಂದು, "ತರಕಾರಿ ಬಂತಾ ಅಕ್ಕಾ? ಕೊಡಿ, ಹೆಚ್ತೀನಿ," ಎಂದು ಚೀಲವನ್ನು ಇಸಿದುಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿದ್ದುದೇ ದೊಡ್ಡಸೊಸೆಗೆ ಬಹಳವಾಗಿ ಕಂಡಿತು. ಮೇಸ್ತ್ರಿ ಏನನ್ನಾದರೂ ಹೇಳುವನೆಂದು ಆ ದಿನವೂ ಮಾರನೆಯ ದಿನವೂ ಕಾದಳು. ಅವನು ಹೇಳಿದ್ದು ಒಂದೇ: "ಕಾಫಿ ಚೆನ್ನಾಗಿತ್ತಮ್ಮ."

ಗೋಡೆಯ ಗಾರೆ ಒಣಗುತ್ತಿದ್ದ ಹೊತ್ತಿನಲ್ಲಿ ಅವಳು ಒಳಗೆ ಹೋಗಿ ನೋಡಿದಳು. ಕಿಟಕಿಯ ಮೂಲೆಯಲ್ಲಿ, ಹೇಳಿದಂತೆಯೇ, ಗೋಡೆಯಲ್ಲೊಂದು ತೂತು; ಒಳಗಿನಿಂದ ತಾಮ್ರದ ಪೈಪಿನ ತುದಿ ಹಕ್ಕಿಯ ಕೊಕ್ಕಿನಂತೆ ಇಣುಕುತ್ತಿತ್ತು. ಅವಳಿಗೆ ಸಮಾಧಾನವಾಯಿತು. ಹಿಂದಿರುಗಲು ಹೊರಳಿದಳು. ಎದುರಿನ ಉದ್ದಗೋಡೆಯ ನಡುವೆ ಇನ್ನೊಂದು ತೂತು. ಅದರಲ್ಲಿಯೂ ತಾಮ್ರದ ಕೊಕ್ಕು.

ಒಂದು ಮನೆ, ಎರಡು ಪೈಪು. ಎರಡು ಪೈಪಿಗೆ ಎರಡು ಒಲೆ. ಎರಡು ಒಲೆಗೆ ಎರಡು ಮನೆ. ಇದರಲ್ಲಿ ಊಹಿಸುವುದಕ್ಕೇನು ಉಳಿದಿತ್ತು?

ಗಂಡನ ಬಳಿ ಹೋಗಿ ನಿಂತಳು.

"ರೀ, ಗೋಡೇಲಿ ಎರಡು ತೂತು ಮಾಡಿದಾರೆ."

"ಮೂರು ಮಾಡ್ಲಿ. ಧೂಳು ಹೊರಗಾದ್ರೂ ಹೋಗುತ್ತೆ."

"ತಮಾಷೆ ಬೇಡ. ನಿಮ್ಮ ತಮ್ಮ ಏನಾದ್ರೂ ಹೇಳಿದ್ನಾ? ಬೇರೆ ಹೋಗೋ ವಿಚಾರ?"

ಅವನು ಪತ್ರಿಕೆಯನ್ನು ಇಳಿಸಿದ. "ಅವನು ನನ್ನ ಹತ್ರ ಮಾತಾಡಿ ಎಷ್ಟು ಕಾಲ ಆಯ್ತು! ಬೆಳಿಗ್ಗೆ ಬಂದು ಮಲಗ್ತಾನೆ, ಸಂಜೆ ಎದ್ದು ಹೋಗ್ತಾನೆ. ಬೇರೆ ಹೋಗೋಕೆ ಮೊದ್ಲು ಎಚ್ಚರ ಆಗ್ಬೇಕಲ್ಲ."

"ನಿಮಗೆ ಎಲ್ಲಾ ಸಸಾರ."

"ನಿನಗೆ ಹಗ್ಗ ಎಲ್ಲಾ ಹಾವು. ಹೋಗಿ ಅವಳನ್ನೇ ಕೇಳು."

ಕೇಳು! ಎಷ್ಟು ಸುಲಭವಾದ ಮಾತು. ಕೇಳಿದರೆ ತನ್ನ ಭಯ ಹೊರಬೀಳುವುದು. ಹೊರಬಿದ್ದ ಭಯವನ್ನು ಹಿಡಿದು ಆಕೆ ಎಳೆದರೆ? ದೊಡ್ಡಸೊಸೆ ಕೇಳಲಿಲ್ಲ. ಅದಕ್ಕೆ ಬದಲಾಗಿ ಅತ್ತೆಯ ಕಾಲದ ದಪ್ಪತಳದ ದೊಡ್ಡ ಪಾತ್ರೆಯನ್ನು, ಇಡೀ ಮನೆಗೆ ಅಡುಗೆಯಾಗುತ್ತಿದ್ದ ಆ ಪಾತ್ರೆಯನ್ನು, ತನ್ನ ಮಂಚದ ಕೆಳಗೆ ಹಿಂದಕ್ಕೆ ತಳ್ಳಿ, ಮೇಲೊಂದು ಹಳೆಯ ಕಂಬಳಿಯನ್ನು ಮುಚ್ಚಿದಳು. ಪಾಲಾದರೆ ಇದೊಂದು ತನ್ನ ಕೈಬಿಡಬಾರದು.

ಸಂಜೆ ಗುಬ್ಬಿಯ ಜಡೆಯನ್ನು ಬಿಚ್ಚುತ್ತಿದ್ದಾಗ ಮಗು ತಾನಾಗಿಯೇ ಬಾಯಿಬಿಟ್ಟಿತು.

"ದೊಡ್ಡಮ್ಮಾ, ಹೊಸ ಅಡುಗೆಮನೇಲಿ ಅಮ್ಮ ಅಡುಗೆ ಮಾಡ್ತಾಳಂತೆ."

ಬಾಚಣಿಗೆ ನಿಂತಿತು. "ಯಾರು ಹೇಳಿದ್ದು?"

"ಅಮ್ಮನೇ. ಯಾರಿಗೂ ಹೇಳ್ಬೇಡ ಅಂದ್ಲು."

"ಮತ್ತೆ ನನಗೆ ಹೇಳಿದ್ಯಲ್ಲ?"

"ನೀನು ಯಾರೋ ಅಲ್ವಲ್ಲ!" ಎಂದು ಮಗು ಅವಳ ದಡ್ಡತನಕ್ಕೆ ನಕ್ಕಿತು. "ಆಯ್, ಎಳೀಬೇಡ, ನೋಯುತ್ತೆ."

ಆ ಬಳಿಕ ಚಿಕ್ಕಸೊಸೆಯ ನಡತೆಯೂ ಬದಲಾಯಿತು. ಮೊದಲು ಬಚ್ಚಲಿನಲ್ಲಿ ಇಬ್ಬರೂ ಒಟ್ಟಿಗೆ ಕೂತು ಪಾತ್ರೆ ತೊಳೆಯುತ್ತಿದ್ದರು. ಈಗ ಆಕೆ ತನ್ನ ಪಾಲನ್ನು ತೊಳೆದು ಎದ್ದುಹೋಗುವಳು. ಮಾತು ಹೂಂ, ಊಹೂಂಗಳಿಗೆ ಇಳಿಯಿತು. ಕಣ್ಣಿಗೆ ಕಣ್ಣು ಕೂಡಿದರೆ ತಟ್ಟನೆ ಬೇರೆಡೆ ತಿರುಗಿಸುವಳು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎಂದು ದೊಡ್ಡಸೊಸೆ ಮನಸ್ಸಿನಲ್ಲಿಯೇ ತೀರ್ಪು ಬರೆದಳು. ತಾನೂ ಹಾಗೆಯೇ ಕಣ್ಣು ತಿರುಗಿಸುತ್ತಿದ್ದೇನೆಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ತನ್ನ ಕಣ್ಣನ್ನು ತಾನೇ ಕಂಡವರುಂಟೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಅವಳು ಪ್ರಮಾಣಕ್ಕಾಗಿ ಹೊರಟಳು. ಚಿಕ್ಕಸೊಸೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದ ಹೊತ್ತು, ಕಿರಿಯ ಗೊರಕೆ ಹೊಡೆಯುತ್ತಿದ್ದ ಕೋಣೆಗೆ, ಕಸಬರಿಕೆಯನ್ನು ನೆಪವಾಗಿ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಹೋದಳು. ಬಗ್ಗಿ ಮಂಚದ ಕೆಳಗೆ ಕಸಬರಿಕೆಯನ್ನು ಆಡಿಸಿದಳು. ಅದು ಒಂದು ರಟ್ಟಿನ ಪೆಟ್ಟಿಗೆಗೆ ತಾಗಿತು. ಎಳೆದು ಮುಚ್ಚಳವನ್ನು ಎತ್ತಿದಳು. ಹೊಚ್ಚಹೊಸ ಕುಕ್ಕರು. ಪುಟ್ಟದು. ಗಂಡ, ಹೆಂಡತಿ, ಒಂದು ಮಗುವಿಗೆ ಹೇಳಿಮಾಡಿಸಿದ ಅಳತೆ.

ಪೆಟ್ಟಿಗೆಯನ್ನು ಇದ್ದಲ್ಲಿಗೇ ತಳ್ಳಿ ಎದ್ದಳು. ಮೈದುನ ನಿದ್ದೆಗಣ್ಣಿನಲ್ಲಿ ಟವೆಲನ್ನು ಸರಿಸಿ, "ಏನತ್ತಿಗೇ?" ಎಂದ.

"ಕಸ," ಎಂದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿಯೊಬ್ಬನೇ ಇದ್ದಾಗ ಅವಳು ಉದ್ದಗೋಡೆಯ ತೂತನ್ನು ತೋರಿಸಿ, "ಇದನ್ನ ಮುಚ್ಚಿಬಿಡಿ," ಎಂದಳು.

"ಆಗ್ಲಮ್ಮ."

ಸಂಜೆಯ ಹೊತ್ತಿಗೆ ಅಲ್ಲಿ ಹಸಿಗಾರೆಯ ತೇಪೆಯಿತ್ತು. ಅವಳು ಅಂದು ನೆಮ್ಮದಿಯಿಂದ ಉಂಡಳು. ಎರಡು ದಿನ ಕಳೆದು ನೋಡಿದರೆ ತೇಪೆ ಮಾಯವಾಗಿ ತಾಮ್ರದ ಕೊಕ್ಕು ಮತ್ತೆ ಇಣುಕುತ್ತಿತ್ತು. ಅದರ ಜೊತೆಗೆ ಕಿಟಕಿಯ ಮೂಲೆಯ ತೂತಿಗೂ ಯಾರೋ ಒಂದು ಹಿಡಿ ಗಾರೆಯನ್ನು ಮೆತ್ತಿ, ಮನಸ್ಸು ಬದಲಾಯಿಸಿ, ಮತ್ತೆ ಕೆರೆದು ತೆಗೆದ ಗುರುತು. ದೊಡ್ಡಸೊಸೆ ಹೇಳಿ ಮುಚ್ಚಿಸಿದಳು. ಮತ್ತೆ ತೆರೆಯಿತು. ಮನೆಯ ಎಲ್ಲ ಗೋಡೆಗಳೂ ಒಣಗಿ ಬೆಳ್ಳಗಾದರೂ ಆ ಎರಡು ಜಾಗ ಮಾತ್ರ ಹಸಿಹುಣ್ಣಿನಂತೆ ಒದ್ದೆಯಾಗಿಯೇ ಉಳಿದವು. ಪ್ರತಿ ಸಲವೂ ಮೇಸ್ತ್ರಿ "ಆಗ್ಲಮ್ಮ" ಎಂದ. ಆ ಮಾತಿನ ನುಣುಪು ಈಗ ಅವಳಿಗೆ ಎಣ್ಣೆ ಸವರಿದ ಮೆಟ್ಟಿಲಿನಂತೆ ಕಾಣತೊಡಗಿತು. ಇವನೂ ಆ ಕಡೆಯವನೇ. ಕಾಫಿ ಮಾತ್ರ ಈ ಕಡೆಯದು ಕುಡಿಯುತ್ತಾನೆ.

ಆ ದಿನಗಳಲ್ಲಿ ಅವಳು ಗುಬ್ಬಿಗೆ ಎರಡು ತುತ್ತು ಹೆಚ್ಚಾಗಿಯೇ ಬಡಿಸಿದಳು. ಮಗು ಉಣ್ಣುವುದನ್ನು, ನೆನಪಿನಲ್ಲಿ ಕೂಡಿಡುವವಳಂತೆ, ಎವೆಯಿಕ್ಕದೆ ನೋಡಿದಳು. ಬಡಿಸುವಾಗಲೆಲ್ಲ ಚಿಕ್ಕಸೊಸೆ ಎದ್ದು ಕೋಣೆಗೆ ಹೋಗುತ್ತಿದ್ದಳು. ಅದಕ್ಕೂ ದೊಡ್ಡಸೊಸೆ ಅರ್ಥ ಹಚ್ಚಿದಳು: ಈಗಿಂದಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ.

ಕಡೆಗೆ ಟೈಲ್ಸ್‌ನವನು ಬಂದ. ದಪ್ಪಮೀಸೆಯ, ಸಿಡುಕುಮೋರೆಯ ಮನುಷ್ಯ. ಕೊಯ್ಯುವ ಯಂತ್ರದ ಜೊತೆ ಬಾಳಿ ಬಾಳಿ ಅದರ ದನಿಯೇ ಅವನಿಗೂ ಬಂದಿತ್ತು. ನೆಲ ಮುಗಿಸಿ ಗೋಡೆಗೆ ಕೈಹಾಕಿದವನು ಸ್ವಲ್ಪ ಹೊತ್ತಿನಲ್ಲಿಯೇ ನಡುಮನೆಗೆ ಕೇಳುವಂತೆ ಕೂಗಿದ.

"ಯಾರ್ರೀ ಮನೆಯವ್ರು? ಎಲ್ರೂ ಬನ್ನಿ ಇಲ್ಲಿ!"

ದೊಡ್ಡಸೊಸೆ ಬಂದಳು. ಚಿಕ್ಕಸೊಸೆ ಬಂದಳು. ಅವರ ಹಿಂದೆ ಪತ್ರಿಕೆಯೊಡನೆ ಹಿರಿಯ. ಮೇಸ್ತ್ರಿ ಬಾಲ್ದಿಯಲ್ಲಿ ಕೈ ತೊಳೆಯುವುದರಲ್ಲಿ ಬಹಳ ತನ್ಮಯನಾಗಿದ್ದ.

"ಯಾವ ತೂತಿಗೆ ಟೈಲ್ಸ್ ಕೊಯ್ಲಿ? ಇದಕ್ಕಾ, ಅದಕ್ಕಾ, ಎರಡಕ್ಕೂನಾ?" ಎಂದ ಟೈಲ್ಸ್‌ನವನು. "ಇವನನ್ನ ಕೇಳಿದ್ರೆ 'ನೀನು ಹೇಳ್ದಂಗೆ' ಅಂತಾನೆ. ನಾನೇನು ಹೇಳಿದೀನಿ? ನಾನು ಈ ಮನೆಗೆ ಬಂದಿದ್ದೇ ನಿನ್ನೆ!"

ಚಿಕ್ಕಸೊಸೆ ಕಿಟಕಿಯನ್ನು ನೋಡಿದಳು, ದೊಡ್ಡಸೊಸೆ ನೆಲವನ್ನು ನೋಡಿದಳು.

"ಅಯ್ಯೋ, ಒಬ್ರಾದ್ರೂ ಬಾಯಿ ಬಿಡ್ರೀ. ಗಾರೆ ಆದ್ರೆ ಮೆತ್ತಬಹುದು, ಕೆರೀಬಹುದು. ಟೈಲ್ಸ್ ಒಂದ್ಸಲ ಕೊಯ್ದ್ರೆ ಮತ್ತೆ ಸೇರಲ್ಲ. ನನ್ನ ಸಿಮೆಂಟು ಗಟ್ಟಿಯಾಗ್ತಿದೆ."

ಹಿರಿಯ ಮೇಸ್ತ್ರಿಯ ಕಡೆ ತಿರುಗಿದ. "ಅಲ್ಲಪ್ಪಾ, ನೀನ್ಯಾಕೆ ಎರಡು ಮಾಡ್ದೆ?"

ಮೇಸ್ತ್ರಿ ಕೈಯನ್ನು ಒರಸಿಕೊಂಡ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಬಾಳಿದ ಮನುಷ್ಯ. ಇಂದು ಆ ದೀಪವನ್ನು ಯಾವುದಾದರೊಂದು ಬದಿಗೆ ಇಳಿಸದೆ ವಿಧಿಯಿರಲಿಲ್ಲ.

"ದೊಡ್ಡಮ್ಮಾವ್ರು ಕಿಟಕಿ ಹತ್ರ ಅಂದ್ರು, ಆಗ್ಲಿ ಅಂದೆ. ಚಿಕ್ಕಮ್ಮಾವ್ರು ಆಮೇಲೆ ಬಂದು, ಒಲೆ ಈ ಗೋಡೆಗೆ ಬರ್ಲಿ, ಕಿಟಕಿಗೆ ಪೈಪು ಎಟುಕಲ್ಲ ಅಂತ ಅಕ್ಕನಿಗೆ ನೀವೇ ಹೇಳಿ ಅಂದ್ರು. ಅದಕ್ಕೂ ಆಗ್ಲಿ ಅಂದೆ. ಹೆಂಗೆ ಹೇಳ್ಲಿ? ಪೈಪು ಎಟುಕುತ್ತೆ. ಅದಕ್ಕೇ ಎರಡೂ ಕಡೆ ಬಿಟ್ಟೆ. ಆಮೇಲೆ ಒಬ್ರು ಮುಚ್ಚು ಅಂದ್ರು, ಮುಚ್ಚಿದೆ. ಇನ್ನೊಬ್ರು ಇದನ್ನ ತೆಗಿ, ಕಿಟಕೀದು ಮುಚ್ಚು ಅಂದ್ರು; ತೆಗೆದೆ, ಮುಚ್ಚಿದೆ, ಭಯವಾಗಿ ಮತ್ತೆ ಕೆರೆದೆ. ಇಬ್ರು ಹೆಂಗಸರಿರೋ ಮನೇಲಿ ಒಬ್ರಿಗೆ ಹೂಂ, ಒಬ್ರಿಗೆ ಊಹೂಂ ಅಂದ್ರೆ ಕೆಲಸ ನಡೆಯುತ್ತಾ ಸ್ವಾಮೀ? ಗೋಡೆ ಆದ್ರೆ ಬೇಜಾರು ಮಾಡ್ಕೊಳ್ಳಲ್ಲ."

ಚಿಕ್ಕಸೊಸೆ ದೊಡ್ಡಸೊಸೆಯ ಕಡೆ ಹೊರಳಿದಳು. ಮೂರನೆಯವರ ಮೂಲಕವಲ್ಲದೆ, ನೇರವಾಗಿ.

"ಅಂದ್ರೆ ಎರಡು ಮಾಡಿ ಅಂತ ನೀವು ಹೇಳ್ಲಿಲ್ವಾ?"

"ನಾನ್ಯಾಕೆ ಹೇಳ್ಲಿ? ನೀನು ಬೇರೆ ಒಲೆ ಹಾಕ್ಕೊಳ್ಳೋಕೆ ಹೊರಟಿದೀಯ ಅಂತ..."

"ನಾನಾ? ಎರಡೂ ತೂತು ನೋಡಿ, ನನ್ನ ಮಾತು ನಿಮ್ಮ ಕಿವಿಗೆ ಬಿದ್ದಿದೆ, ಸಿಟ್ಟಾಗಿ ನೀವೇ ನನ್ನನ್ನ ಬೇರೆ ಹಾಕ್ತಿದೀರಿ ಅಂದ್ಕೊಂಡೆ!"

"ಮತ್ತೆ ಆ ಕುಕ್ಕರು?" ಬಾಯಿ ತಪ್ಪಿ ಬಂದುಬಿಟ್ಟಿತು.

ಚಿಕ್ಕಸೊಸೆಯ ಹುಬ್ಬು ಮೇಲೇರಿತು. "ಓಹೋ. ನಮ್ಮ ಮಂಚದ ಕೆಳಗೂ ಕಸ ಗುಡಿಸಿದ್ರಾ?"

"ಗುಡಿಸ್ದೆ."

"ಎರಡು ತೂತು ಕಂಡ ಮೇಲೆ ತಂದಿಟ್ಟಿದ್ದು. ನೀವು ಹೊರಗೆ ಹಾಕಿದ ದಿನ ಕೈಯಲ್ಲಿ ಏನಾದ್ರೂ ಬೇಕಲ್ಲ? ಅತ್ತೆಯ ದೊಡ್ಡ ಪಾತ್ರೆ ನಿಮ್ಮ ಮಂಚದ ಕೆಳಗೆ ಕಂಬಳಿ ಹೊದ್ದು ಮಲಗಿರೋದು ನಾನು ನೋಡಿಲ್ವಾ?"

"ನೀನೂ ಗುಡಿಸಿದ್ಯಾ?"

"ಗುಡಿಸ್ದೆ."

ಹಿರಿಯ ಪತ್ರಿಕೆಯಿಂದ ಮುಖವನ್ನು ಮುಚ್ಚಿಕೊಂಡ, ಪತ್ರಿಕೆ ಅಲುಗಾಡುತ್ತಿತ್ತು. "ಎಷ್ಟು ಚೊಕ್ಕ ಮನೆ ಮಾರಾಯ್ರೆ," ಎಂದ ಟೈಲ್ಸ್‌ನವನು. "ಈಗಲಾದ್ರೂ ಹೇಳಿ. ಯಾವುದು?"

ಆದರೆ ಚಿಕ್ಕಸೊಸೆ ನಗಲಿಲ್ಲ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಒಂದು ನಿಜ ಅಕ್ಕಾ. ಬೇರೆ ಒಲೆ ನಾನು ಕೇಳ್ಲಿಲ್ಲ. ಆದ್ರೆ ಈ ಒಲೆ ಕೇಳ್ದೆ. ಈ ಮನೆಗೆ ಬಂದಾಗಿಂದ ಈರುಳ್ಳಿ ಹೆಚ್ಚಿದೀನಿ, ಪಾತ್ರೆ ಉಜ್ಜಿದೀನಿ. ಆ ಮೂಲೇಲಿ ಒಬ್ರೇ ನಿಲ್ಲೋಕಾಗೋದು. ನೀವು ನಿಂತ್ರೆ ನಾನು ಬೆನ್ನು ನೋಡ್ತಾ ನಿಲ್ಲಬೇಕು. ನನ್ನ ಮಗಳಿಗೆ ನನ್ನ ಕೈಯಡುಗೆ ರುಚಿ ಹೆಂಗಿರುತ್ತೆ ಅಂತಾನೇ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಮರ್ತೇ ಹೋಗಿದೆ."

ದೊಡ್ಡಸೊಸೆ ಉದ್ದಗೋಡೆಯ ತೂತನ್ನು ಮತ್ತೊಮ್ಮೆ ನೋಡಿದಳು. ತಾನು ಹೊಗೆಯೆಂದು ತಿಳಿದದ್ದು ಧೂಳಾಗಿತ್ತು; ಆದರೆ ಧೂಳಿನ ಹಿಂದೆ ಬೆಂಕಿಯೂ ಇತ್ತು, ತಾನು ಊಹಿಸಿದ ಕಡೆಯಲ್ಲಲ್ಲ, ಅಷ್ಟೆ. ಮಗುವನ್ನು ಕಸಿದುಕೊಳ್ಳುವರೆಂದು ಹಗಲೆಲ್ಲ ಕಾವಲು ಕಾದವಳಿಗೆ, ಇಷ್ಟು ಕಾಲವೂ ಯಾರ ಕೈಯಲ್ಲಿ ಯಾರ ಮಗುವಿತ್ತು ಎಂಬುದು ಮರೆತೇಹೋಗಿತ್ತು.

"ಕಿಟಕಿಯದು ಮುಚ್ಚಿ," ಎಂದಳು ಟೈಲ್ಸ್‌ನವನಿಗೆ. "ಈ ಗೋಡೆಯದು ಕೊಯ್ಯಿರಿ."

ಚಿಕ್ಕಸೊಸೆ ಒಂದು ಹೆಜ್ಜೆ ಹಿಂದಕ್ಕಿಟ್ಟಳು. "ಇಷ್ಟು ಬೇಗ ಒಪ್ಪಿದ್ರಲ್ಲ! ಯಾಕೆ?"

"ಯಾಕೆ ಅಂದ್ರೆ?"

"ಏನಿಲ್ಲ. ಕೇಳ್ದೆ."

ಯಂತ್ರ ಕಿರುಚತೊಡಗಿತು. ಇಬ್ಬರೂ ಕಿವಿ ಮುಚ್ಚಿಕೊಂಡು ಹೊರಬಂದರು. ಮೇಸ್ತ್ರಿ ಬೆನ್ನ ಹಿಂದೆಯೇ ಬಂದು, ಯಂತ್ರ ಒಂದು ಗಳಿಗೆ ನಿಂತಾಗ, ದನಿ ತಗ್ಗಿಸಿ ಹೇಳಿದ: "ಪೈಪು ಕಿತ್ತಿಲ್ಲಮ್ಮ. ಬಾಯಿಗೆ ಬಿರಡೆ ಹಾಕಿ ಭದ್ರವಾಗಿ ಕಟ್ಟಿದೀನಿ. ಒಳಗಡೆ ಇರ್ಲಿ. ಮುಂದೆ ಯಾವತ್ತಾದ್ರೂ..."

"ಮುಂದೆ ಯಾವತ್ತಾದ್ರೂ ಏನು?" ಎಂದು ಇಬ್ಬರೂ ಏಕಕಂಠದಿಂದ ಕೇಳಿದರು.

"ಏನಿಲ್ಲ. ಆಗ್ಲಿ," ಎಂದು ಅವನು ಜಾರಿಕೊಂಡ.

ಹೊಸ ಅಡುಗೆಮನೆ ಬಳಕೆಗೆ ಬಂತು. ಉದ್ದಗೋಡೆಯ ನಡುವೆ ಒಲೆ; ಎರಡೂ ಪಕ್ಕಗಳಲ್ಲಿ ಎಡೆ. ಅತ್ತೆಯ ಪಾತ್ರೆ ಕಂಬಳಿಯಿಂದ ಎದ್ದು ಬಂದಿತು, ಪುಟ್ಟ ಕುಕ್ಕರು ಪೆಟ್ಟಿಗೆಯಿಂದ ಇಳಿದು ಅದರ ಪಕ್ಕ ಕೂತಿತು. ಮೊದಮೊದಲು ಇಬ್ಬರ ಮೊಣಕೈಗಳೂ ತಾಗುತ್ತಿದ್ದವು. ಒಬ್ಬಳು ಉಪ್ಪು ಹಾಕಿದಳೋ ಇಲ್ಲವೋ ಎಂದು ಇನ್ನೊಬ್ಬಳು ಓರೆಗಣ್ಣಿನಿಂದ ನೋಡುವುದು, ಹಾಕಿದ್ದರೂ ಒಂದು ಚಿಟಿಕೆ ಸೇರಿಸುವುದು, ಬೆಂಕಿಯನ್ನು ಒಬ್ಬಳು ಹೆಚ್ಚಿಸಿದರೆ ಮತ್ತೊಬ್ಬಳು ತಗ್ಗಿಸುವುದು, ಎಲ್ಲವೂ ನಡೆಯಿತು. ಅನುಮಾನವೆಂಬುದು ಬಾಡಿಗೆಗೆ ಬಂದವನಂತೆ. ಹೋಗೆಂದರೂ ಕೂಡಲೆ ಮನೆಯನ್ನು ತೆರವು ಮಾಡುವುದಿಲ್ಲ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಚೀಲವನ್ನು ಎಸೆದ ಸದ್ದು, ಅದರ ಹಿಂದೆಯೇ ಕೂಗು: "ದೊಡ್ಡಮ್ಮಾ, ಹಸಿವು!"

ಅಂದು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದವಳು ಚಿಕ್ಕಸೊಸೆ. ಬೆಳಗಿನಿಂದ ಅಡುಗೆಯೆಲ್ಲ ಅವಳದೇ. ಕೂಗು ಕೇಳಿದೊಡನೆ ಸೌಟು ಪಾತ್ರೆಯೊಳಗೆ ನಿಂತುಬಿಟ್ಟಿತು. ಅವಳು ತಿರುಗಲಿಲ್ಲ. ಬೆನ್ನು ಮಾತ್ರ ಒಂದಿಷ್ಟು ಕುಗ್ಗಿತು.

ದೊಡ್ಡಸೊಸೆ ತರಕಾರಿಯ ಸಿಪ್ಪೆಯನ್ನು ಬಳಿಯುತ್ತಿದ್ದಳು. ಆ ಬೆನ್ನನ್ನು ನೋಡಿದಳು. ಮಗುವನ್ನು ಎತ್ತಿಕೊಳ್ಳಲು ತಾನಾಗಿಯೇ ಮುಂದಾದ ಕೈಗಳನ್ನು ಹಿಂದಕ್ಕೆಳೆದು, ಒದ್ದೆಬಟ್ಟೆಗೆ ಒರಸಿಕೊಂಡಳು. ಅದು ಅವಳ ಬಾಳಿನಲ್ಲಿ ಸಣ್ಣ ಕೆಲಸವಾಗಿರಲಿಲ್ಲ.

"ಕೂತ್ಕೋ," ಎಂದಳು. "ಇವತ್ತು ಅಮ್ಮ ಬಡಿಸ್ತಾಳೆ. ಅಡುಗೆ ಅವಳದೇ."

ಗುಬ್ಬಿ ಒಬ್ಬರ ಮುಖವಾದ ಮೇಲೆ ಒಬ್ಬರ ಮುಖವನ್ನು ನೋಡಿತು. "ಚೆನ್ನಾಗಿದ್ಯಾ?" ಎಂದು ದೊಡ್ಡಮ್ಮನನ್ನೇ ಕೇಳಿತು.

"ತಿಂದು ನೀನೇ ಹೇಳು. ನನ್ನನ್ನ ಕೇಳ್ಬೇಡ."

ಚಿಕ್ಕಸೊಸೆ ಬಡಿಸಿದಳು. ಬಡಿಸುತ್ತಲೇ ದೊಡ್ಡಸೊಸೆಯನ್ನು ಹಳೆಯ ಕಣ್ಣಿನಿಂದ ಅಳೆದಳು: ಇದರ ಹಿಂದೆ ಏನಿದೆ? ದೊಡ್ಡಸೊಸೆ ಆ ನೋಟವನ್ನು ಗುರುತಿಸಿದಳು. ಎಷ್ಟೋ ದಿನ ತಾನು ತೊಟ್ಟುಕೊಂಡಿದ್ದ ನೋಟವೇ ಅದು. ತಡೆಯಲಾರದೆ ಮುಖ ತಿರುಗಿಸಿ, ಕಿಟಕಿಯ ಮೂಲೆಯ ಖಾಲಿ ಕಟ್ಟೆಯನ್ನು ಒರೆಸಲು ಹೋದಳು. ಗೋಡೆಯಲ್ಲಿ ಸಾಲಾಗಿ ಕೂತ ಬಿಳಿಯ ಟೈಲ್ಸು. ಅವುಗಳಲ್ಲಿ ಒಂದನ್ನು, ಬಿರಡೆ ಹಾಕಿದ ಪೈಪಿನ ಮೇಲೆ ಕೂತದ್ದನ್ನು, ಅವಳು ನಿತ್ಯವೂ, ಯಾರೂ ಇಲ್ಲದಾಗ, ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಈಗ ಬಟ್ಟೆಯನ್ನು ಎತ್ತಿದವಳು ನಿಂತಳು. ಅದೇ ಟೈಲ್ಸಿನ ಮೇಲೆ, ಅದೇ ಎತ್ತರದಲ್ಲಿ, ಹಿಟ್ಟಿನ ಗುರುತು. ಬೆರಳ ಗೆಣ್ಣಿನ ಅಗಲದ ಗುರುತು. ಇಂದು ಬೆಳಿಗ್ಗೆ ಹಿಟ್ಟು ಕಲಸಿದ್ದವಳು ತಾನಲ್ಲ.

ಬಟ್ಟೆ ಆ ಗುರುತಿನ ಹತ್ತಿರಕ್ಕೆ ಹೋಗಿ ನಿಂತಿತು. ಒರೆಸಿದರೆ ಮುಗಿಯಿತು; ಯಾರೂ ಕೇಳುವವರಿಲ್ಲ, ಹೇಳುವವರಿಲ್ಲ, ಈ ಮನೆಯ ರೂಢಿಗೆ ಭಂಗವಿಲ್ಲ.

"ಏ," ಎಂದಳು, ಬೆಕ್ಕಿಗಲ್ಲ, ಮಗು ಕೇಳಲೆಂದೂ ಅಲ್ಲ. "ಈ ಟೈಲ್ಸು ಬಡಿದು ನೋಡಿದ್ಯಾ?"

ಚಿಕ್ಕಸೊಸೆ ಸೌಟನ್ನು ಕೆಳಗಿಟ್ಟಳು.

"ನೋಡ್ದೆ. ನೀವು?"

"ದಿನಾ."

"ಟೊಳ್ಳು ಅನ್ಸುತ್ತೆ, ಅಲ್ವಾ?"

"ಟೊಳ್ಳೇ," ಎಂದಳು ದೊಡ್ಡಸೊಸೆ.

"ಅಮ್ಮಾ," ಎಂದಿತು ಗುಬ್ಬಿ ಬಾಯಿತುಂಬ ಅನ್ನವಿಟ್ಟುಕೊಂಡು, "ಉಪ್ಪು ಜಾಸ್ತಿ."

ಇಬ್ಬರೂ ಒಟ್ಟಿಗೆ ತಿರುಗಿದರು. "ನಾನು ಒಂದೇ ಸಲ ಹಾಕಿದ್ದು," ಎಂದಳು ಚಿಕ್ಕಸೊಸೆ. ಹೇಳಿ ದೊಡ್ಡಸೊಸೆಯ ಮುಖವನ್ನೇ ನೋಡುತ್ತ ನಿಂತಳು.

"ಹೌದು ಕಣೆ," ಎಂದಳು ದೊಡ್ಡಸೊಸೆ, ತಡಮಾಡದೆ. "ಇನ್ನೊಂದು ಸಲ ಹಾಕಿದ್ದು ನಾನೇ."